ಕನ್ನಡಿ ಮುಂದೆ ಅಳಬೇಡ ಮಾರಾಯ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿದೆ. ಮೊದಲ ನಾಟಕದಲ್ಲೇ ಅಣ್ಣನ ಸಾವಿನ ಸುದ್ದಿ ಕೇಳುವ ದೃಶ್ಯ ಸಿಕ್ಕಿದೆ ಅಂದರೆ ಸಣ್ಣ ಮಾತಲ್ಲ. ಆದರೆ ದಿನಾ ಅರ್ಧ ಗಂಟೆ ಕನ್ನಡಿ ಮುಂದೆ ನಿಂತು ಅಳುವ ಮುಖ ಮಾಡುತ್ತಿದ್ದೇನೆ ಅಂತ ಬರೆದಿದ್ದೀಯಲ್ಲ, ಅಲ್ಲಿ ನಗು ಬಂತು. ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ.

ಹುಬ್ಬು ಎಷ್ಟು ಏರಬೇಕು, ತುಟಿ ಯಾವಾಗ ನಡುಗಬೇಕು, ಎಲ್ಲ ಲೆಕ್ಕ ಹಾಕಿ ಇಟ್ಟಿದ್ದೆ. ಪ್ರದರ್ಶನದ ದಿನ ಎದುರಿನ ನಟ ಮಾತು ಮರೆತು ಸುಮ್ನೆ ನಿಂತುಬಿಟ್ಟ. ನನ್ನ ತುಟಿ ಮಾತ್ರ ಹೊತ್ತಿಗೆ ಸರಿಯಾಗಿ ನಡುಗಿತು, ಸುದ್ದಿ ಬರುವ ಮೊದಲೇ! ಮುಂದಿನ ಸಾಲಿನವರು ಕಿಸಕ್ಕನೆ ನಕ್ಕರು.

ಕನ್ನಡಿ ಮುಂದೆ ನಿಂತರೆ ನೀನು ನಿನ್ನನ್ನೇ ನೋಡುತ್ತಿರುತ್ತೀಯ. ನಿಜವಾಗಿ ದುಃಖದಲ್ಲಿ ಇರುವವನಿಗೆ ತನ್ನ ಮುಖದ ನೆನಪೇ ಇರುವುದಿಲ್ಲ, ಅಲ್ವಾ? ಅವನು ಅಳಲಿಕ್ಕೂ ನೋಡುವುದಿಲ್ಲ, ಅಳು ತಡೆಯಲಿಕ್ಕೆ ಒದ್ದಾಡುತ್ತಾನೆ. ನೋಡುವವರ ಕರುಳು ಹಿಂಡುವುದು ಆ ಒದ್ದಾಟ. ಮುಖದ ಸ್ನಾಯುಗಳೂ ನಾವು ಹೇಳಿದ್ದನ್ನೆಲ್ಲ ಕೇಳುವುದಿಲ್ಲ. ಡುಷೆನ್ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಇದನ್ನು ಬರೆದಿದ್ದ: ತುಟಿಯನ್ನು ಬೇಕೆಂದಾಗ ಅಗಲಿಸಬಹುದು, ನಿಜವಾದ ಖುಷಿ ಇಲ್ಲದೆ ಕಣ್ಣಿನ ಸುತ್ತಲಿನ ಸ್ನಾಯು ಮಾತ್ರ ನಗುವುದಿಲ್ಲ.

ಹಾಗಾದರೆ ಅಭ್ಯಾಸ ಏನು ಮಾಡುವುದು? ಒಂದು ಸಾಲು ತಗೋ. 'ನೀನು ಬರುತ್ತೀಯ ಅಂದುಕೊಂಡಿದ್ದೆ.' ಇದನ್ನು ಸಿಟ್ಟಿನಿಂದ ಹೇಳು ಅಂದರೆ ನೀನು ಕೂಗುತ್ತೀಯ, ಅಷ್ಟೆ. ಅದರ ಬದಲು ಎದುರಿನವನಿಂದ ಏನೋ ಒಂದು ಬೇಕು ಅಂದುಕೊಂಡು ಹೇಳು. ಅವನು ಕ್ಷಮೆ ಕೇಳಬೇಕು. ಅಥವಾ ಅವನು ಇಲ್ಲಿಂದ ತೊಲಗಬೇಕು. ಅಥವಾ ಇವತ್ತು ಹೇಗಾದರೂ ಸಾಲ ಕೊಡಬೇಕು. ಮೂರು ಸಲವೂ ದನಿ ಬೇರೆ, ಕಣ್ಣು ಬೇರೆ, ಕೈ ಎಲ್ಲಿ ಹೋಗುತ್ತದೆ ಅನ್ನುವುದೂ ಬೇರೆ. ಒಂದನ್ನೂ ನೀನು ಯೋಚಿಸಿ ಮಾಡಿರುವುದಿಲ್ಲ. ಒಮ್ಮೆ ಒತ್ತು 'ನೀನು' ಮೇಲೆ ಬೀಳುತ್ತದೆ, ಇನ್ನೊಮ್ಮೆ 'ಅಂದುಕೊಂಡಿದ್ದೆ' ಮೇಲೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೋ. ನೋಡಬೇಡ, ಬರೀ ಕೇಳು.

ಇನ್ನೊಂದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಂದು ದೃಶ್ಯ ಮಾಡಿ ನೋಡು. ಪ್ಯಾರಿಸ್‌ನಲ್ಲಿ 1956ರಲ್ಲಿ ನಟನೆಯ ಶಾಲೆ ತೆರೆದ ಜಾಕ್ ಲಕಾಕ್ ತನ್ನ ವಿದ್ಯಾರ್ಥಿಗಳಿಗೆ ಯಾವ ಭಾವವೂ ಇಲ್ಲದ ಮುಖವಾಡ ಹಾಕಿಸುತ್ತಿದ್ದ. ಮುಖ ಮುಚ್ಚಿದ ಮೇಲೆ ಬೆನ್ನು, ಹೆಗಲು, ಕಾಲಿನ ಬೆರಳುಗಳೆಲ್ಲ ಮಾತಾಡಲೇಬೇಕು. ಮೊದಲ ದಿನ ಪೆದ್ದನ ಹಾಗೆ ಅನಿಸುತ್ತದೆ. ನನಗಂತೂ ನನ್ನ ಕೈಗಳು ಎಷ್ಟು ಸತ್ತುಹೋಗಿದ್ದವು ಅಂತ ಆವತ್ತೇ ಗೊತ್ತಾಗಿದ್ದು.

ಉಸಿರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಟ್ಟ ಸುದ್ದಿ ಕೇಳಿದಾಗ ಮುಖಕ್ಕಿಂತ ಮೊದಲು ಉಸಿರು ನಿಲ್ಲುತ್ತದೆ. ಅದನ್ನು ಬಲವಂತವಾಗಿ ಹಿಡಿಯಬೇಡ. ಎದುರಿನವನ ಮಾತನ್ನು ಮೊದಲ ಸಲ ಕೇಳುವವನ ಹಾಗೆ ಕೇಳಿದರೆ ತಾನಾಗಿ ಹಿಡಿಯುತ್ತದೆ.

ನಿನ್ನ ದೃಶ್ಯದ ಮಾತುಗಳನ್ನು ಕಳಿಸು. ಭಾನುವಾರ ಫೋನಿನಲ್ಲಿ ಸುದ್ದಿ ತರುವವನ ಪಾತ್ರ ನಾನು ಓದುತ್ತೇನೆ. ಮಧ್ಯೆ ಎಲ್ಲೋ ಒಂದು ಮಾತು ಬೇಕಂತಲೇ ಮರೆಯುತ್ತೇನೆ. ಆಗ ಏನು ಮಾಡುತ್ತೀಯೋ ನೋಡೋಣ.

ನಿನ್ನ,
ತುಟಿ ನಡುಗಿಸಿದ ಗೆಳೆಯ