ಶನಿವಾರದ ಎಲ್ಲಿಸ್ ಐಲ್ಯಾಂಡ್ ಪ್ರವಾಸ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಗ್ಗೆ 8.30ಕ್ಕೆ ಲಿಬರ್ಟಿ ಸ್ಟೇಟ್ ಪಾರ್ಕಿನ ಫೆರಿ ಹತ್ತಿರ ಸೇರೋಣ. ಏರ್‌ಪೋರ್ಟ್ ಥರ ತಪಾಸಣೆ ಇರುತ್ತದೆ, ದೊಡ್ಡ ಬ್ಯಾಗ್ ತರಬೇಡಿ.

ಅಲ್ಲಿ ಆನಿ ಮೂರ್ ಪ್ರತಿಮೆ ನೋಡದೆ ಬರಬೇಡಿ. ಐರ್ಲೆಂಡಿನ ಕಾರ್ಕ್‌ನ ಹುಡುಗಿ. 1892ರ ಜನವರಿ 1ರಂದು, ಅಮೆರಿಕಕ್ಕೆ ಬರುವ ವಲಸಿಗರ ಹೆಸರು ಬರೆಸಿಕೊಳ್ಳುವ ಕೇಂದ್ರ ಎಲ್ಲಿಸ್ ಐಲ್ಯಾಂಡಿನಲ್ಲಿ ತೆರೆದ ದಿನವೇ, ಇಬ್ಬರು ತಮ್ಮಂದಿರ ಜೊತೆ ಬಂದಿಳಿದು ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳು. 10 ಡಾಲರಿನ ಚಿನ್ನದ ನಾಣ್ಯ ಸಿಕ್ಕಿತು. ಆಮೇಲೆ ಟೆಕ್ಸಾಸಿಗೆ ಹೋಗಿ ಟ್ರಾಮಿಗೆ ಸಿಕ್ಕಿ ಸತ್ತಳು ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಅದು ಬೇರೆ ಆನಿ ಮೂರ್ ಅಂತ ಗೊತ್ತಾಗಿದ್ದು 2006ರಲ್ಲಿ! ನಮ್ಮ ಆನಿ ನ್ಯೂಯಾರ್ಕ್ ಬಿಟ್ಟು ಹೋಗಲೇ ಇಲ್ಲ. ಲೋವರ್ ಈಸ್ಟ್ ಸೈಡ್‌ನಲ್ಲಿ ಬಡತನದ ಸಂಸಾರ. ಹತ್ತಕ್ಕೂ ಜಾಸ್ತಿ ಮಕ್ಕಳು, ಹಲವರು ಚಿಕ್ಕವರಿದ್ದಾಗಲೇ ಹೋದರು. 1924ರಲ್ಲಿ, 50ನೇ ವಯಸ್ಸಿಗೆ, ಹೃದಯದ ತೊಂದರೆಯಿಂದ ಅವಳೂ ತೀರಿಕೊಂಡಳು. ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದ ಅವಳ ಸಮಾಧಿಗೆ ಕಲ್ಲು ಬಂದಿದ್ದು 2008ರಲ್ಲಿ.

ಮಧ್ಯಾಹ್ನ ಅಲ್ಲಿಗೂ ಹೋಗುವ ಆಸೆ ನನಗೆ. ದೂರ ಆಯ್ತು ಅನ್ನುವವರು ಈಗಲೇ ಹೇಳಿಬಿಡಿ.

ಮನೆಯಿಂದ ಎಷ್ಟು ಜನ, ಕಾರಿನಲ್ಲಿ ಜಾಗ ಇದೆಯಾ, ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಟಿಕೆಟ್ ಒಟ್ಟಿಗೆ ತೆಗೆಯಬೇಕು. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗಲ್ಲ ಮಾರಾಯ್ರೇ!