ಮಾಣಿಯನ್ನು ಗಲ್ಲಾದಲ್ಲಿ ಕೂರಿಸುವ ಮೊದಲು

ಕೋಪನ್‌ಹೇಗನ್
18 ಮೇ 2025

ಪ್ರೀತಿಯ ಅಣ್ಣನಿಗೆ,

ನಾವು ಮೂವರೂ ಇಲ್ಲಿ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ? ಮುಂಬೈವರೆಗೆ ಬಂದು ಎಂಟು ದಿನ ಇದ್ದರೂ ಊರಿಗೆ ಬರಲಿಲ್ಲ ಅಂತ ಅವರಿಗೆ ಇನ್ನೂ ಸಿಟ್ಟಿದೆ ಅಂತ ಗೊತ್ತು. ಕಂಪನಿಯವರು ಕೊಟ್ಟ ದಿನವೇ ಅಷ್ಟು. ಡಿಸೆಂಬರ್‌ನಲ್ಲಿ ಬಂದು ಬೈಸಿಕೊಳ್ಳುತ್ತೇನೆ.

ಫೋನ್ ಬಿಟ್ಟು ಪತ್ರ ಯಾಕೆ ಅಂತ ನಗಬೇಡ. ಫೋನಿನಲ್ಲಿ ಈ ಮಾತು ಎತ್ತಿದರೆ ನೀನು "ಆಯ್ತು, ಕಾಂಬ" ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಪತ್ರವಾದರೆ ಪೂರ್ತಿ ಓದಲೇಬೇಕಲ್ಲ. ಇನ್ನೊಂದು ಕಾರಣವೂ ಇದೆ. ಈ ವರ್ಷದ ಕೊನೆಗೆ ಇಲ್ಲಿನ ಅಂಚೆಯವರು ಪತ್ರ ಹಂಚುವುದನ್ನೇ ನಿಲ್ಲಿಸುತ್ತಾರಂತೆ. 1624ರಿಂದ ನಡೆದುಬಂದ ಕೆಲಸ! ಬೀದಿಯ ಕೆಂಪು ಡಬ್ಬಿಗಳನ್ನು ಮುಂದಿನ ತಿಂಗಳಿಂದ ತೆಗೆಯುತ್ತಾರೆ. ಅಷ್ಟರೊಳಗೆ ಅಣ್ಣನಿಗೆ ಒಂದಾದರೂ ಹಾಕೋಣ ಅನ್ನಿಸಿತು.

ವಿಷಯ ನಿನ್ನ ಮಗ ಮಾಣಿಯದ್ದು.

ಮುಂಬೈಯಲ್ಲಿ ಎರಡನೇ ದಿನ ಸಂಜೆ ದಾದರಿನ ಮಾವನ ಹೋಟೆಲಿಗೆ ಹೋಗಿದ್ದೆ. ಮಾವ ಈಗಲೂ ಗಲ್ಲಾದ ಹಿಂದೆ ಅದೇ ಎತ್ತರದ ಸ್ಟೂಲಿನ ಮೇಲೆ ಕೂರುತ್ತಾರೆ. ಕಿವಿ ಮಂದವಾಗಿದೆ, ಲೆಕ್ಕ ಮಂದವಾಗಿಲ್ಲ. ನಾನು ಕೂರುವ ಮೊದಲೇ ಹೇಳಿದರು: "ಮಾಣಿ ಎಸ್ಸೆಸ್ಸೆಲ್ಸಿ ಪಾಸಾಯ್ತಲ್ಲ. ಜೂನ್‌ನಲ್ಲಿ ಕಳಿಸು ಅಂತ ನಿನ್ನ ಅಣ್ಣನಿಗೆ ಹೇಳಿದ್ದೇನೆ. ಗಲ್ಲಾದಲ್ಲಿ ಕೂರಲಿ. ಎರಡು ವರ್ಷ ಕೆಲಸ ಕಲಿತರೆ ಡೊಂಬಿವಲಿಯ ಹೋಟೆಲಿನಲ್ಲಿ ಪಾಲು ಕೊಡುತ್ತೇನೆ."

ಕೆಟ್ಟ ಮಾತಲ್ಲ ಇದು. ಹೊರಗಿನವರು ಯಾರು ಹೀಗೆ ಕರೆದು ಕೊಡುತ್ತಾರೆ? ಅಪ್ಪಯ್ಯನನ್ನು ಮುಂಬೈಗೆ ಕರೆತಂದವರು ಮಾವ. ಇರಲು ಚಾಳಿನಲ್ಲಿ ಒಂದು ಖೋಲಿ ಹುಡುಕಿಕೊಟ್ಟವರು ಅವರೇ. ಅಪ್ಪಯ್ಯ ಮಲಗಿದಾಗ ಆಸ್ಪತ್ರೆಗೆ ದುಡ್ಡು ಕಟ್ಟಿದವರೂ ಅವರೇ. ನಾನು ಇದನ್ನೆಲ್ಲ ಮರೆತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ.

ಚಹಾ ಕುಡಿಯುತ್ತಾ ಸುತ್ತ ನೋಡಿದೆ. ಊರಲ್ಲಿ ಮಾಣಿ ಅಂದರೆ ಮನೆಯ ಹುಡುಗ. ಹೋಟೆಲಿನಲ್ಲಿ ಮಾಣಿ ಅಂದರೆ ಟೇಬಲ್ ಒರೆಸುವವನು, ನೀರು ಇಡುವವನು. ಒಂದೇ ಶಬ್ದ. ಕುಂದಾಪುರದಲ್ಲಿ ಬಸ್ಸು ಹತ್ತುವಾಗ ಒಂದು ಅರ್ಥ ಇರುತ್ತಿತ್ತು, ದಾದರಿನಲ್ಲಿ ಇಳಿಯುವಾಗ ಇನ್ನೊಂದು ಆಗಿರುತ್ತಿತ್ತು. ಈಗ ನಮ್ಮ ಕಡೆಯ ಮಾಣಿಗಳು ಸಿಗುವುದೇ ಇಲ್ಲ ಅಂತ ಮಾವನ ಗೋಳು. ಸಪ್ಲೈಗೆ ಇರುವವರು ಜಾರ್ಖಂಡ್, ಒಡಿಶಾ, ನೇಪಾಳದವರು. ಜಾರ್ಖಂಡಿನ ಒಬ್ಬ ಹುಡುಗ "ಇಡ್ಲಿ ಎರಡು, ಚಟ್ನಿ ಬೇರೆ" ಅಂತ ಅಡುಗೆಮನೆಗೆ ಕೂಗಿದ. ನಮ್ಮ ಭಟ್ರಿಗಿಂತ ಸ್ಪಷ್ಟ ಕನ್ನಡ! ಊರಲ್ಲಿ ಯಾರಿದ್ದಾರೆ ಅಂತ ಹಿಂದಿಯಲ್ಲಿ ಕೇಳಿದೆ. ಮುಂದಿನ ವರ್ಷ ತಮ್ಮನನ್ನು ಕರೆಸುತ್ತಾನಂತೆ. ತಂಗಿ ಹತ್ತನೇ ಕ್ಲಾಸ್ ಓದುತ್ತಿದ್ದಾಳಂತೆ. "ಅವಳನ್ನೂ ಕರೆಸುತ್ತೀಯಾ?" ಅಂದೆ. ನಕ್ಕುಬಿಟ್ಟ. "ಹುಡುಗಿಗೆ ಇಲ್ಲಿ ಏನು ಕೆಲಸ, ದೀದಿ?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇಲ್ಲಿಗೆ ಬಂದ ಮೇಲೆ ರಾತ್ರಿ ಕೂತು ಇದನ್ನೇ ಹುಡುಕಿ ಓದಿದೆ. ಅಪ್ಪ ಅಮ್ಮನ ಮನೆ ನೋಡಿ ಮಕ್ಕಳ ಬದುಕು ಎಷ್ಟು ತೀರ್ಮಾನವಾಗುತ್ತದೆ ಅಂತ ದೇಶ ದೇಶಗಳಲ್ಲಿ ಲೆಕ್ಕ ಹಾಕಿದ್ದಾರೆ. ಅದರಲ್ಲೊಂದು ನಮ್ಮ ದಾದರಿನದ್ದೇ! ಕೈವನ್ ಮುನ್ಶಿ, ಮಾರ್ಕ್ ರೋಸೆನ್‌ಜ್ವೈಗ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ದಾದರಿನ ಶಾಲೆಗಳಲ್ಲಿ ಇಪ್ಪತ್ತು ವರ್ಷ ಯಾರು ಯಾವ ಮೀಡಿಯಂಗೆ ಸೇರಿದರು ಅಂತ ನೋಡಿ 2006ರಲ್ಲಿ ಪ್ರಕಟಿಸಿದ್ದಾರೆ. ಅವರು ನೋಡಿದ್ದು ಮರಾಠಿ ಮನೆಗಳನ್ನು. ಕೆಲವು ಜಾತಿಗಳಲ್ಲಿ ಗಂಡಸರಿಗೆ ಕೂಲಿ ಕೆಲಸ ಕೊಡಿಸಲು ತಮ್ಮವರದೇ ಒಂದು ಬಲವಾದ ಬಳಗ ಇರುತ್ತಿತ್ತು. ಚಿಕ್ಕಪ್ಪನೋ ಮಾವನೋ ಒಳಗೆ ಸೇರಿಸುತ್ತಿದ್ದರು. ಹಾಗಾಗಿ ಗಂಡುಮಕ್ಕಳನ್ನು ಮರಾಠಿ ಶಾಲೆಗೆ ಹಾಕಿ, ಅದೇ ಕೆಲಸಕ್ಕೆ ಕಳಿಸುತ್ತಿದ್ದರು. 1990ರ ನಂತರ ಇಂಗ್ಲಿಷ್ ಬಲ್ಲವರಿಗೆ ಸಂಬಳ ಏರಿತು. ಆಗಲೂ ಆ ಮನೆಯ ಹುಡುಗರು ಬಳಗದ ದಾರಿ ಬಿಡಲಿಲ್ಲ. ಹುಡುಗಿಯರಿಗೆ ಬಳಗದಲ್ಲಿ ಕೆಲಸವೇ ಇರಲಿಲ್ಲವಲ್ಲ, ಅವರನ್ನು ಹಿಡಿದುಕೊಳ್ಳುವವರೂ ಇರಲಿಲ್ಲ. ಅವರು ಇಂಗ್ಲಿಷ್ ಶಾಲೆಗೆ ಹೋದರು.

ಓದುವಾಗ ನನಗೆ ನಮ್ಮ ಖೋಲಿಯೇ ಕಂಡಿತು, ಅಣ್ಣ.

1991ರ ಜೂನ್ ನೆನಪಿದೆಯಾ? ನಿನಗೆ ಹದಿಮೂರು, ನನಗೆ ಹತ್ತು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೇ ಮುಗಿಸಿದ್ದೆ ನೀನು. ಗಣಿತದಲ್ಲಿ ನಿನ್ನ ಮುಂದೆ ಯಾರೂ ಇರಲಿಲ್ಲ. ಮಾವ ಬಂದು "ಇವನನ್ನು ಕಳಿಸು" ಅಂದರು, ಅಪ್ಪಯ್ಯ ಹೂಂ ಅಂದರು. ಮೊದಲು ಗ್ಲಾಸು ತೊಳೆಯಲು. ಹೋಟೆಲಿನಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳಿಂದ ಕೆಲಸ ಮಾಡಿಸಬಾರದು ಅಂತ ಸರ್ಕಾರ ನಿಷೇಧ ತಂದದ್ದು 2006ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ನೀನು ಹದಿನೈದು ವರ್ಷದ ಸರ್ವಿಸ್ ಮುಗಿಸಿದ್ದೆ.

ಅದೇ ಜೂನ್‌ನಲ್ಲಿ ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ನಾನು ಜಾಣೆ ಅಂತ ಅಲ್ಲ. ನನಗೆ ಹೋಟೆಲಿನಲ್ಲಿ ಜಾಗ ಇರಲಿಲ್ಲ ಅಂತ. "ನಾಲ್ಕು ಅಕ್ಷರ ಇಂಗ್ಲಿಷ್ ಕಲಿತರೆ ಬ್ಯಾಂಕಿನ ಗಂಡು ಸಿಗಬಹುದು" ಅಂತ ಅಪ್ಪಯ್ಯನ ಲೆಕ್ಕ. ಫೀಸು ತಿಂಗಳಿಗೆ ಅರವತ್ತು ರೂಪಾಯಿ. ನಿನ್ನ ಸಂಬಳ ನೂರೈವತ್ತು. ಆ ಅರವತ್ತು ಯಾರ ಜೇಬಿನಿಂದ ಬಂತು ಅಂತ ನಾವಿಬ್ಬರೂ ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಇವತ್ತು ಹೇಳಿದೆ.

ನೀನು ರಾತ್ರಿಶಾಲೆಗೂ ಸೇರಿದ್ದೆ. ಆ ಶಾಲೆಗಳಲ್ಲಿ ಓದಿ ವಕೀಲರಾದವರು, ಸ್ವಂತ ಹೋಟೆಲು ಮಾಡಿದವರು ಮುಂಬೈಯಲ್ಲಿ ಬೇಕಾದಷ್ಟಿದ್ದಾರೆ. ಸಭೆ ಸಮಾರಂಭಗಳಲ್ಲಿ ಅವರಿಗೇ ಶಾಲು ಹೊದಿಸುತ್ತಾರೆ. ಸಂಜೆ ಏಳಕ್ಕೆ ಕ್ಲಾಸು, ಸಂಜೆ ಏಳಕ್ಕೇ ಹೋಟೆಲಿನಲ್ಲಿ ರಶ್. ನೀನು ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದೆಯಂತೆ. ಒಂದು ವರ್ಷಕ್ಕೆ ಬಿಟ್ಟೆ. ಬಿಟ್ಟವರ ಲೆಕ್ಕ ಯಾರೂ ಇಡುವುದಿಲ್ಲ.

ಬ್ಯಾಂಕಿನ ಅಮ್ಮನನ್ನೂ ಈ ಸಲ ತುಂಬಾ ನೆನೆಸಿದೆ. ಮೂರನೇ ಮಾಳಿಗೆಯವರು, ಗಂಡ ಬ್ಯಾಂಕಿನಲ್ಲಿ ಕ್ಲರ್ಕ್. ನಮ್ಮ ಅಮ್ಮನ ಜೊತೆ ನೀರಿನ ಸಾಲಿನಲ್ಲಿ ನಿಂತು ಸ್ನೇಹ. ನನ್ನ ಇಂಗ್ಲಿಷ್ ಶಾಲೆಯ ಫಾರ್ಮ್ ತುಂಬಿದವರು, ಹೆಡ್‌ಮಿಸ್ಟ್ರೆಸ್ ಹತ್ತಿರ ಮಾತಾಡಿದವರು ಅವರು. ನಮ್ಮ ಅಮ್ಮ ಗೇಟಿನ ಹೊರಗೇ ನಿಂತಿದ್ದರು. ದೆಹಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರಾಜ್ ಚೆಟ್ಟಿ ಅಂತ ಅರ್ಥಶಾಸ್ತ್ರಜ್ಞ ಇದ್ದಾರೆ. ಅವರ ತಂಡ ಅಮೆರಿಕದ 7 ಕೋಟಿಗೂ ಜಾಸ್ತಿ ಜನರ ಫೇಸ್‌ಬುಕ್ ಸ್ನೇಹಗಳನ್ನು ನೋಡಿತು. ಬಡ ಮಕ್ಕಳು ಎಲ್ಲಿ ಉಳ್ಳವರ ಜೊತೆ ಜಾಸ್ತಿ ಬೆರೆತು ಬೆಳೆಯುತ್ತಾರೋ ಅಲ್ಲಿ ಅವರು ಮೇಲೆ ಬರುವುದೂ ಜಾಸ್ತಿ ಅಂತ 2022ರಲ್ಲಿ ಬರೆದರು. ನಮಗೆ ಚಾಳಿನ ನಲ್ಲಿಯೇ ಫೇಸ್‌ಬುಕ್ ಆಗಿತ್ತು. ಚಾಳು ಈಗ ಇಲ್ಲ. ಆ ಜಾಗದಲ್ಲಿ ನೀಲಿ ತಗಡಿನ ಬೇಲಿ, ಒಳಗೆ ಟವರ್ ಏಳುತ್ತಿದೆ. ವಾಚ್‌ಮನ್ ಒಳಗೆ ಬಿಡಲಿಲ್ಲ.

ಇಲ್ಲಿಯ ಕತೆಯನ್ನೂ ಹೇಳುತ್ತೇನೆ. ಮೈಲ್ಸ್ ಕೊರಾಕ್ ಅಂತ ಕೆನಡಾದವರೊಬ್ಬರು ಮಾಡಿದ ಲೆಕ್ಕ ಇದು. ಇಬ್ಬರು ಅಪ್ಪಂದಿರ ಗಳಿಕೆಯಲ್ಲಿ ನೂರಕ್ಕೆ 10ರ ವ್ಯತ್ಯಾಸ ಇದೆ ಅಂದುಕೋ. ಡೆನ್ಮಾರ್ಕಿನಲ್ಲಿ ಅವರ ಮಕ್ಕಳು ದೊಡ್ಡವರಾಗುವಾಗ ಅದು ಒಂದೂವರೆಗೆ ಇಳಿಯುತ್ತದೆ. ಅಮೆರಿಕದಲ್ಲಿ ಐದರ ಹತ್ತಿರ ಉಳಿಯುತ್ತದೆ. ಒಇಸಿಡಿ ಅನ್ನುವ ದೇಶಗಳ ಕೂಟ 2018ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ಕೆಳಗಿನ ಮನೆಯೊಂದು ಆ ದೇಶದ ಸರಾಸರಿ ಗಳಿಕೆಗೆ ಬರಲು ಎಷ್ಟು ತಲೆಮಾರು ಬೇಕು ಅಂತ. ಡೆನ್ಮಾರ್ಕಿಗೆ ಎರಡು, ಅಮೆರಿಕಕ್ಕೆ ಐದು, ನಮ್ಮ ದೇಶಕ್ಕೆ ಏಳು, ಕೊಲಂಬಿಯಾಕ್ಕೆ ಹನ್ನೊಂದು. ಇದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. "ಇದಕ್ಕೆಲ್ಲ ಅಷ್ಟು ಓದಬೇಕಾ? ನಮ್ಮೂರ ಪಟೇಲರ ಮನೆ ನೋಡಿದರೆ ಗೊತ್ತಾಗುವುದಿಲ್ವಾ?" ಅಂದರು. ಸುಳ್ಳಲ್ಲ.

ಆದರೆ ಡೆನ್ಮಾರ್ಕ್ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಇಲ್ಲಿ ಕಾಲೇಜಿಗೆ ಫೀಸಿಲ್ಲ. ಓದುವವರ ಖರ್ಚಿಗೆ ಸರ್ಕಾರವೇ ತಿಂಗಳು ತಿಂಗಳು ದುಡ್ಡು ಕೊಡುತ್ತದೆ. ಪಾತ್ರೆ ತೊಳೆಯುವವನ ಸಂಬಳಕ್ಕೂ ಡಾಕ್ಟರ ಸಂಬಳಕ್ಕೂ ನಮ್ಮಲ್ಲಿಯಷ್ಟು ಅಂತರ ಇಲ್ಲ, ಮೇಲಿನಿಂದ ತೆರಿಗೆ ಬೇರೆ. ಗಳಿಕೆಯ ಅಂತರ ಕುಗ್ಗಲು ದೊಡ್ಡ ಕಾರಣ ಅದೇ. ಓದಿನ ವಿಷಯಕ್ಕೆ ಬಂದರೆ ಬೇರೆ ಮಾತು. ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತು ಇಲ್ಲಿಯ ರಾಸ್ಮುಸ್ ಲ್ಯಾಂಡರ್ಸೋ ತೋರಿಸಿದ್ದೇನೆಂದರೆ, ಓದಿದವರ ಮಕ್ಕಳೇ ಜಾಸ್ತಿ ಓದುವುದು ಇಲ್ಲೂ ಅಮೆರಿಕದಷ್ಟೇ ಇದೆ. ಎಲ್ಲರಿಗೂ ಒಂದೇ ಸವಲತ್ತು. ಅದನ್ನು ಹೇಗೆ ಬಳಸಬೇಕು ಅಂತ ತಿಳಿದವರು ಮಾತ್ರ ಓದಿದ ಅಪ್ಪ ಅಮ್ಮ.

ನನ್ನ ಮಗಳನ್ನೇ ನೋಡು. ಹನ್ನೊಂದು ವರ್ಷ. ಯಾವ ಓದಿಗೆ ಎಷ್ಟು ವರ್ಷ, ಯಾರನ್ನು ಕೇಳಬೇಕು, ಮೇಷ್ಟ್ರ ಹತ್ತಿರ ಹೇಗೆ ಮಾತಾಡಬೇಕು ಎಲ್ಲ ಊಟದ ಟೇಬಲ್ಲಿನಲ್ಲೇ ಕಿವಿಗೆ ಬೀಳುತ್ತದೆ. ನಾನು ಸುಮ್ನೆ ಇದ್ದರೂ ಬೀಳುತ್ತದೆ. ಮಾಣಿಗೆ ಏನು ಬೀಳುತ್ತದೆ? ಹಾಲಿನ ರೇಟು, ಗ್ಯಾಸಿನ ರೇಟು, ಮಾವನ ಡೊಂಬಿವಲಿ. ನಿನ್ನ ತಪ್ಪಲ್ಲ ಅದು. ನಿನಗೆ ಗೊತ್ತಿರುವುದು ಹೋಟೆಲು, ಅದರಲ್ಲಿ ನೀನು ಗಟ್ಟಿಗ. ಅದಕ್ಕೇ ಮಾಣಿಗೂ ಅದೊಂದೇ ಬಾಗಿಲು ಕಾಣುತ್ತದೆ.

ಈಗ ನನ್ನ ಮಾತು. ಸಿಟ್ಟು ಮಾಡಬೇಡ.

ಮಾಣಿ ನನಗೆ ಒಂದು ವಿಡಿಯೋ ಕಳಿಸಿದ್ದ. ನಿನ್ನ ಕ್ಯಾಂಟೀನಿನ ಗ್ರೈಂಡರ್ ಬಿಚ್ಚಿ, ಮೋಟಾರಿನ ತಂತಿ ಸರಿಮಾಡಿ, ಮತ್ತೆ ಕೂಡಿಸಿದ್ದ. ಮೂರು ನಿಮಿಷದಲ್ಲಿ ಒಂದು ಸಲವೂ ಕ್ಯಾಮೆರಾ ನೋಡಲಿಲ್ಲ. ಗಣಿತ ಹೇಗಿತ್ತು ಅಂತ ಕೇಳಿದರೆ 91 ಅಂದ. ಈ ಸಲ ನಮ್ಮ ಜಿಲ್ಲೆ ರಾಜ್ಯಕ್ಕೇ ಎರಡನೆಯದು, ಅಲ್ವಾ? ಅಲ್ಲಿ 91 ತೆಗೆದವನು ಡಿಪ್ಲೊಮಾಕ್ಕೆ ಅರ್ಜಿಯನ್ನಾದರೂ ಹಾಕಬೇಕಲ್ಲ. ಯಾಕೆ ಹಾಕಿಲ್ಲ ಅಂದೆ. "ಅಪ್ಪ ಮುಂಬೈ ಅಂದಿದ್ದಾರೆ" ಅಂದ. ನಿನಗೇನು ಇಷ್ಟ ಅಂದೆ. ಅದನ್ನು ಅವನಿಗೆ ಯಾರೂ ಕೇಳಿದಂತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಎಲೆಕ್ಟ್ರಿಕಲ್" ಅಂದ, ಅದೂ ಮೆತ್ತಗೆ.

ಮೂರು ವರ್ಷದ ಡಿಪ್ಲೊಮಾ. ಫೀಸು, ಹಾಸ್ಟೆಲು, ಪುಸ್ತಕ ನನ್ನದು. ಬೇಡ ಅನ್ನುತ್ತೀಯ, ಗೊತ್ತು. ತಂಗಿಯ ದುಡ್ಡಿನಲ್ಲಿ ಮಗನನ್ನು ಓದಿಸುವುದು ನಿನಗೆ ಆಗುವುದಿಲ್ಲ. ಅದಕ್ಕೇ ಮೇಲೆ ಲೆಕ್ಕ ಬರೆದದ್ದು. ತಿಂಗಳಿಗೆ ಅರವತ್ತರಂತೆ ಮೂರು ವರ್ಷ, ಆಮೇಲೆ ಫೀಸು ಏರಿದ ಮೇಲೂ ನನ್ನ ಹತ್ತನೇ ಮುಗಿಯುವವರೆಗೆ. 1991ರಿಂದ ಬಡ್ಡಿ ಹಾಕಿ ನೋಡು. ಗಣಿತ ನಿನ್ನದೇ ಜೋರು.

ಮಾವನ ಹತ್ತಿರ ನಾನೇ ಮಾತಾಡುತ್ತೇನೆ. ಬೇಡ ಅನ್ನುವುದಿಲ್ಲ. ಮೂರು ವರ್ಷ ತಡೆಯಿರಿ ಅನ್ನುತ್ತೇನೆ. ಆಮೇಲೂ ಮಾಣಿಗೆ ಹೋಟೆಲೇ ಇಷ್ಟ ಅಂದರೆ ಹೋಗಲಿ, ನಾನು ಅಡ್ಡ ಬರುವುದಿಲ್ಲ. ಹೋಟೆಲು ಕೀಳು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಅದರ ಅನ್ನ ತಿಂದೇ ಇಲ್ಲಿಗೆ ಬಂದವಳು.

ಅರ್ಜಿಯ ಕೊನೆಯ ದಿನ ಯಾವತ್ತು ಅಂತ ಪಾಲಿಟೆಕ್ನಿಕ್‌ಗೆ ಹೋಗಿ ಕೇಳಿಕೊಂಡು ಬರಲಿಕ್ಕೆ ಮಾಣಿಗೇ ಹೇಳು. ನೀನು ಹೋಗಬೇಡ, ಅವನೇ ಹೋಗಲಿ. ಈ ಪತ್ರ ಮುಟ್ಟುವಷ್ಟರಲ್ಲಿ ದಿನ ಮೀರಿಬಿಟ್ಟರೆ ಅಂತ ಹೆದರಿ ಇದರ ಫೋಟೋವನ್ನು ಅತ್ತಿಗೆಗೆ ವಾಟ್ಸಾಪ್ ಮಾಡುತ್ತಿದ್ದೇನೆ. ಹಾಗಾಗಿ ನಿನಗಿಂತ ಮೊದಲು ಅವರು ಓದಿರುತ್ತಾರೆ. ಅದೂ ಬೇಕೆಂದೇ.

ಭಾನುವಾರ ಕ್ಯಾಂಟೀನ್ ಮುಚ್ಚಿದ ಮೇಲೆ ಫೋನ್ ಮಾಡು. ನನಗೆ ಆಗ ಮಧ್ಯಾಹ್ನ. ಮಾಣಿಯನ್ನು ಪಕ್ಕದಲ್ಲಿ ಕೂರಿಸಿಕೋ. ಅಮ್ಮನಿಗೆ ಫೋನ್ ಕೊಡುವುದು ಕೊನೆಗೆ.

ನಿನ್ನ ತಂಗಿ