ಕೊಂಡಾಣ ಇಲಿಯ ನೆಲೆ ಉಳಿಸಿ: ಸಿಂಹಗಡದ ಬಗ್ಗೆ ನಾಲ್ಕನೇ ಮನವಿ

ಮಾನ್ಯರೇ,

ನಾವು ಪುಣೆಯ ಸಿಂಹಗಡ ರಸ್ತೆಯ ನಿವಾಸಿಗಳು, ಹೆಚ್ಚಿನವರು ಕನ್ನಡದವರು. ಮರಾಠಿಯಲ್ಲಿ ಮೂರು ಮನವಿ ಕೊಟ್ಟಾಯ್ತು. ಈ ಸಲ ನಮ್ಮ ಹಿರಿಯರೂ ಓದಿ ಸಹಿ ಹಾಕಲಿ ಎಂದು ಕನ್ನಡದಲ್ಲಿ ಬರೆದಿದ್ದೇವೆ, ಮರಾಠಿ ಪ್ರತಿ ಜೊತೆಗಿದೆ.

ವಿಷಯ ಹಳೆಯದೇ. ಕೊಂಡಾಣ ಇಲಿ. ಸಿಂಹಗಡ ಗುಡ್ಡದ ಮೇಲಿನ ಕೋಟೆಯ ಹಳೆಯ ಹೆಸರನ್ನೇ (ಕೊಂಡಾಣ) ಹೊತ್ತ, ಬಿಲ ತೋಡಿ ಬದುಕುವ, ರಾತ್ರಿ ಹೊತ್ತು ಓಡಾಡುವ ಪ್ರಾಣಿ. 1975ರಲ್ಲಿ ವಿಜ್ಞಾನಿಗಳು ಹೊಸ ಜಾತಿ ಎಂದು ದಾಖಲಿಸಿದ್ದು ಇದೇ ಗುಡ್ಡದಿಂದ. ಕೇಂದ್ರ ಪರಿಸರ ಸಚಿವಾಲಯವೇ ಇದನ್ನು ತೀರಾ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿದೆ.

ಮೊದಲ ಮನವಿಗೆ ಸೀಲು ಬಿತ್ತು, ಅಷ್ಟೇ. ಎರಡನೆಯದನ್ನು ವಿಚಾರಿಸಲು ಐದು ಸಲ ಅಲೆದೆವು. ಗಿಡಮರ ಒಬ್ಬರಿಗೆ ಸೇರಿದ್ದಂತೆ, ಕೋಟೆ ಗೋಡೆ ಇನ್ನೊಬ್ಬರಿಗೆ, ಕಸ ಮತ್ತೊಬ್ಬರಿಗೆ. ಇಲಿ ಮಾತ್ರ ಯಾರಿಗೂ ಸೇರಿಲ್ಲ! ಮೂರನೇ ಮನವಿಯ ಹೊತ್ತಿಗೆ ಎಪ್ಪತ್ತು ದಾಟಿದ ನಮ್ಮ ಅಜ್ಜಿಯೊಬ್ಬರನ್ನು ಒಂದು ಗಂಟೆ ನಿಲ್ಲಿಸಿ, ಆಮೇಲೆ ನಿಮ್ಮ ಸಿಬ್ಬಂದಿ "ಉಂದ್ರಾಸಾಠಿ?" ಎಂದು ನಕ್ಕರು. ಹೌದು, ಇಲಿಗಾಗಿಯೇ ಬಂದಿದ್ದೆವು. 1972ರ ವನ್ಯಜೀವಿ ಕಾಯ್ದೆಯಲ್ಲಿ ಇಲಿಗಳನ್ನೆಲ್ಲ ಉಪದ್ರವಿಗಳ ಪಟ್ಟಿಗೆ ಹಾಕಿದ್ದರು, ನಿಜ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ನಿಮ್ಮ ಕಚೇರಿಗೆ ಆ ಸುದ್ದಿ ಇನ್ನೂ ತಲುಪಿಲ್ವಾ?

ಕಳೆದ ಭಾನುವಾರ ಮೇಲೆ ಹೋಗಿ ನೋಡಿದೆವು. ದಾರಿ ಪಕ್ಕದ ಹುಲ್ಲಿನಲ್ಲಿ ಒಂದು ಬಿಲ. ಅದರ ಬಾಯಿಗೆ ಜಜ್ಜಿದ ಪ್ಲಾಸ್ಟಿಕ್ ಲೋಟ, ಎದುರಿಗೇ ಬೈಕಿನ ಚಕ್ರದ ಗುರುತು, ಸುತ್ತ ಮೇಕೆಗಳು ಬುಡದವರೆಗೂ ಮೇಯ್ದ ಹುಲ್ಲು. ಪಿಠ್ಲ, ಭಾಕ್ರಿ ಮಾರುವವರ ಮೇಲೆ ನಮಗೆ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು, ನಾವೂ ಅಲ್ಲೇ ತಿನ್ನುತ್ತೇವೆ. ಆದರೆ ಉಳಿದದ್ದನ್ನು ಎಸೆಯಲು ಒಂದು ತೊಟ್ಟಿಯಾದರೂ ಇಡಬೇಕಲ್ವಾ? ಎಸೆದ ಅನ್ನಕ್ಕೆ ನಾಯಿ, ಬೆಕ್ಕು ಸೇರಿವೆ. ಬಿಲದಲ್ಲಿರುವ ಜೀವಕ್ಕೆ ಇದಕ್ಕಿಂತ ಕೆಟ್ಟ ನೆರೆ ಬೇಕಾ?

ಇದರ ಜೊತೆಗೆ ಘಾಟಿಯಲ್ಲಿ ಭಾನುವಾರ ಎರಡು ಗಂಟೆ ಟ್ರಾಫಿಕ್ ಜಾಮ್, ಬೀಗ ಹಾಕಿದ ಶೌಚಾಲಯ, ಕೆಟ್ಟ ಬೀದಿದೀಪ, ಬೇಸಿಗೆಯಲ್ಲಿ ಯಾರೋ ಹುಲ್ಲಿಗೆ ಹಚ್ಚುವ ಬೆಂಕಿ. ಎಲ್ಲವನ್ನೂ ಹಿಂದೆಯೇ ಬರೆದಿದ್ದೇವೆ, ಫೈಲು ತೆಗೆದು ನೋಡಿ.

ಹುಲ್ಲುಗಾವಲಿಗೆ ಗಾಡಿ ನುಗ್ಗದಂತೆ ತಡೆ ಹಾಕಿ. ಬಿಲಗಳಿರುವ ಕಡೆ ಮೇಯಿಸುವುದನ್ನು ನಿಲ್ಲಿಸಿ, ಕುರಿಗಾಹಿಗಳಿಗೆ ಬೇರೆ ಜಾಗ ತೋರಿಸಿ. ಅಂಗಡಿಗಳ ಸುತ್ತ ಇಲಿಪಾಷಾಣ ಇಡುವುದನ್ನು ಇವತ್ತೇ ನಿಷೇಧಿಸಿ. ಹೊಸ ಕಟ್ಟಡಕ್ಕೆ ಒಂದು ಗುದ್ದಲಿ ಹಾಕುವ ಮೊದಲು ತಿಳಿದವರಿಂದ ಸಮೀಕ್ಷೆ ಮಾಡಿಸಿ, ವರದಿಯನ್ನು ನಮಗೂ ಕೊಡಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು. ಬರೀ ಸೀಲು ಬೇಡ. ಬರದಿದ್ದರೆ ಹದಿನಾರನೇ ದಿನ ಬೆಳಿಗ್ಗೆ ಅದೇ ಅಜ್ಜಿಯನ್ನು ಕರೆದುಕೊಂಡು ಬರುತ್ತೇವೆ. ಅವರಿಗೆ ಒಂದು ಕುರ್ಚಿ ಹಾಕಿಸಿ.

ಇಂತಿ,
ಸಹಿ ಮಾಡಿದ ನಿವಾಸಿಗಳು